ರೇಸ್‌ಗೆ ಎಂಥ ರೇಡಿಯೊ? ಹತ್ತು ಸಾವಿರದೊಳಗಿನ ಲೆಕ್ಕ

ಪ್ರಶ್ನೆ: ನನ್ನ ಬಳಿ ರಿಮೋಟಿನಿಂದ ಓಡಿಸುವ, 1:10 ಅಳತೆಯ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಚಾಲನೆ ಇರುವ ಎಲೆಕ್ಟ್ರಿಕ್ ಬಗ್ಗಿ ಇದೆ. ಜೊತೆಗೆ ಬಂದ ರಿಮೋಟಿನಲ್ಲಿ ಚಕ್ರ ನೇರ ಮಾಡುವ ಟ್ರಿಮ್ ಗುಂಡಿ, ತಿರುಗುವ ಅಳತೆಯನ್ನು ಎರಡೂ ಬದಿಗೆ ಒಟ್ಟಿಗೆ ಹೆಚ್ಚುಕಡಿಮೆ ಮಾಡುವ ಸ್ಟೀರಿಂಗ್ ಡ್ಯುಯಲ್ ರೇಟ್ ಬಿಟ್ಟರೆ ಬೇರೇನೂ ಇಲ್ಲ. ಬ್ರೇಕ್ ಹಾಕಿದರೆ ಕಾರು ಗಿರ್ರನೆ ತಿರುಗಿ ಹಿಂದುಮುಂದಾಗುತ್ತದೆ. ಎಡಕ್ಕೆ ತಿರುಗಿದಷ್ಟು ಬಲಕ್ಕೆ ತಿರುಗುವುದಿಲ್ಲ. ಇನ್ನು ರೇಸ್‌ಗಳಲ್ಲಿ ಓಡಿಸಬೇಕೆಂದಿದ್ದೇನೆ, ವರ್ಷದೊಳಗೆ ಇನ್ನೊಂದು ಕಾರೂ ಬರಬಹುದು. 10 ಸಾವಿರ ರೂಪಾಯಿಯೊಳಗೆ ಯಾವ ಟ್ರಾನ್ಸ್‌ಮಿಟರ್ (ರಿಮೋಟು, ರೇಡಿಯೊ ಎಂದರೂ ಅದೇ) ಕೊಳ್ಳಲಿ? ಆರು ಚಾನೆಲ್ (ಒಂದೊಂದು ಕೆಲಸಕ್ಕೆ ಒಂದೊಂದು ಸಂಕೇತ), ಜಾರುವ ಕಾರನ್ನು ತಾನೇ ಸರಿಪಡಿಸುವ ಜೈರೊ ಇರುವುದೇ ಒಳ್ಳೆಯದೆ?

ಉತ್ತರ: ಮೊದಲು ನೇರ ಉತ್ತರ. ಪರದೆ ಇರುವ, ಎಡ ಬಲಕ್ಕೂ ಥ್ರಾಟಲ್ ಬ್ರೇಕಿಗೂ ಪ್ರತ್ಯೇಕ ಎಂಡ್ ಪಾಯಿಂಟ್ (ಎಷ್ಟರವರೆಗೆ ಹೋಗಬೇಕೆಂಬ ಮಿತಿ) ಹೊಂದಿಸಬಹುದಾದ, ಹತ್ತಾದರೂ ಕಾರುಗಳ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ಪಿಸ್ತೂಲ್ ಮಾದರಿಯ ರೇಡಿಯೊ ಕೊಳ್ಳಿ. ನಿಮ್ಮ ಬಜೆಟ್ಟಿಗೆ ಫ್ಲೈಸ್ಕೈ ಜಿಟಿ5 ಅಥವಾ ಜಿ7ಪಿ ಹೊಂದುತ್ತವೆ. ಒಳ್ಳೆಯ ಸ್ಥಿತಿಯ ಹಳೆಯ ಫುಟಾಬಾ 3ಪಿವಿ ಸಿಕ್ಕರೆ ಅದನ್ನು ಮೊದಲು ನೋಡಿ. ಹತ್ತು ಸಾವಿರವನ್ನೂ ಟ್ರಾನ್ಸ್‌ಮಿಟರಿಗೇ ಸುರಿಯಬೇಡಿ. ಕಾರಿನೊಳಗೆ ಸಂಕೇತ ಹಿಡಿಯುವ ಒಂದು ಹೆಚ್ಚುವರಿ ರಿಸೀವರಿಗೂ ಚಕ್ರ ತಿರುಗಿಸುವ ಪುಟ್ಟ ಮೋಟಾರಾದ ಒಂದು ಸುಮಾರಾದ ಡಿಜಿಟಲ್ ಸರ್ವೋಗೂ ದುಡ್ಡು ಉಳಿಸಿಕೊಳ್ಳಿ.

ಆದರೆ ದುಡ್ಡು ಕೊಡುವ ಮುನ್ನ ಕಾರಿನ ಮುಚ್ಚಳ ತೆಗೆದು ಒಳಗೆ ನೋಡಿ. ರಿಸೀವರ್ ಬೇರೆ ಡಬ್ಬಿ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಬೇರೆ ಡಬ್ಬಿ ಇದ್ದು, ಸ್ಟೀರಿಂಗ್ ಸರ್ವೋದಿಂದ ಮೂರೇ ತಂತಿ ಹೊರಟಿದ್ದರೆ ಯಾವ ಕಂಪನಿಯ ರೇಡಿಯೊ ಬೇಕಾದರೂ ಹಾಕಬಹುದು. ಕಡಿಮೆ ಬೆಲೆಯ ಎಷ್ಟೋ ಕಾರುಗಳಲ್ಲಿ ರಿಸೀವರ್ ಮತ್ತು ಇಎಸ್‌ಸಿ ಒಂದೇ ಬೋರ್ಡಿನ ಮೇಲಿರುತ್ತವೆ, ಸರ್ವೋಗೆ ಐದು ತಂತಿ ಇರುತ್ತದೆ. ಅಂಥದ್ದಾದರೆ ಟ್ರಾನ್ಸ್‌ಮಿಟರ್ ಬದಲಿಸುವುದೆಂದರೆ ಇಎಸ್‌ಸಿ, ಸರ್ವೋ ಎರಡನ್ನೂ ಬದಲಿಸಿದಂತೆ. ಆಗ ಲೆಕ್ಕವೇ ಬೇರೆ.

ಈಗ ನಿಮ್ಮ ಎರಡು ತೊಂದರೆಗಳಿಗೆ ಬರೋಣ, ಯಾಕೆಂದರೆ ಯಾವ ಸೌಲಭ್ಯ ಬೇಕು ಎಂಬುದಕ್ಕೆ ಅವೇ ಉತ್ತರ. ನಿಮ್ಮ ಬಗ್ಗಿಯಲ್ಲಿ ಬ್ರೇಕ್ ಹಿಡಿಯುವುದು ಮೋಟಾರು, ಅಂದರೆ ಹಿಂದಿನ ಚಕ್ರಗಳು ಮಾತ್ರ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರು ಹಗುರವಾಗಿರುವ ಹೊತ್ತಿಗೇ ಪೂರ್ತಿ ಬ್ರೇಕ್ ಬಿದ್ದು ಅದು ಜಾರುತ್ತದೆ, ಬಾಲ ಮುಂದೆ ಬರುತ್ತದೆ. ಪರಿಹಾರ ಬ್ರೇಕಿನ ಮಿತಿಯನ್ನು ಮಾತ್ರ ಶೇಕಡ 100ರಿಂದ 65ರ ಆಸುಪಾಸಿಗೆ ಇಳಿಸುವುದು. ಥ್ರಾಟಲ್ 100ರಲ್ಲೇ ಇರಬೇಕು. ನಿಮ್ಮ ಈಗಿನ ರಿಮೋಟಿಗೆ ಇದು ಸಾಧ್ಯವಿಲ್ಲ.

ಎಡಬಲದ ವ್ಯತ್ಯಾಸಕ್ಕೆ ಮೂಲ ಸರ್ವೋದ ಹಲ್ಲಿನಲ್ಲಿದೆ. ಸರ್ವೋ ತುದಿಯಲ್ಲಿ 25 ಹಲ್ಲುಗಳಿದ್ದರೆ ಒಂದು ಹಲ್ಲಿಗೆ 14.4 ಡಿಗ್ರಿ. ಆ ತುದಿಗೆ ಕೂರುವ ಪುಟ್ಟ ತೋಳನ್ನು, ಅಂದರೆ ಹಾರ್ನನ್ನು, ಎಷ್ಟೇ ನೋಡಿ ಕೂರಿಸಿದರೂ ನಡುವಿನಿಂದ 7 ಡಿಗ್ರಿವರೆಗೆ ಆಚೀಚೆ ಇರಬಹುದು. ಅದನ್ನು ಟ್ರಿಮ್ ಗುಂಡಿಯಿಂದ ಸರಿ ಮಾಡಿದರೆ ಚಕ್ರ ನೇರವಾಗುತ್ತದೆ, ಆದರೆ ಒಂದು ಬದಿಗೆ ತಿರುಗುವ ಅಳತೆ ಹೆಚ್ಚಿ ಇನ್ನೊಂದು ಬದಿಗೆ ಕಡಿಮೆಯಾಗುತ್ತದೆ. ಸಬ್‌ಟ್ರಿಮ್‌ನಿಂದ (ಸರ್ವೋದ ನಡುಬಿಂದುವನ್ನು ಸರಿಸುವ ಸೌಲಭ್ಯ) ನಡು ಸರಿಮಾಡಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಎಂಡ್ ಪಾಯಿಂಟ್ ಕೊಟ್ಟರೆ ಮುಗಿಯಿತು. ಕೊನೆಗೆ ಎಡ 92, ಬಲ 84 ಎಂಬಂಥ ಅಂಕಿಗಳು ಬರುವುದು ಸಹಜ. ಎರಡೂ ಒಂದೇ ಸಂಖ್ಯೆ ಇರಬೇಕೆಂಬ ಹಟ ಬೇಡ. ಸಮವಾಗಿರಬೇಕಾದ್ದು ಚಕ್ರಗಳು, ಪರದೆಯ ಅಂಕಿಗಳಲ್ಲ.

ಹೀಗಾಗಿ ಎಂಡ್ ಪಾಯಿಂಟ್, ಸಬ್‌ಟ್ರಿಮ್, ಎಕ್ಸ್‌ಪೊ (ನಡುವಿನ ಬಳಿ ಸ್ಟೀರಿಂಗನ್ನು ಮೆತ್ತಗೆ ಮಾಡುವುದು), ಮಾಡೆಲ್ ಮೆಮೊರಿ (ಕಾರುಗಳ ಸೆಟ್ಟಿಂಗ್ ನೆನಪು), ಫೇಲ್‌ಸೇಫ್ (ಸಂಕೇತ ತಪ್ಪಿದರೆ ಮೋಟಾರು ನಿಲ್ಲಿಸುವುದು) ಇವಿಷ್ಟು ಇಲ್ಲದ ರೇಡಿಯೊ ಎಷ್ಟೇ ಅಗ್ಗವಾದರೂ ರೇಸ್‌ಗೆ ದುಬಾರಿಯೇ. ಚಾನೆಲ್ ಸಂಖ್ಯೆ ನೋಡಿ ಮರುಳಾಗಬೇಡಿ. ಎಲೆಕ್ಟ್ರಿಕ್ ರೇಸ್ ಕಾರಿಗೆ ಬೇಕಾದ್ದು ಎರಡು ಚಾನೆಲ್, ಸ್ಟೀರಿಂಗ್ ಮತ್ತು ಥ್ರಾಟಲ್. ಮೂರನೆಯದು ಇದ್ದರೆ ಕೆಪ್ಯಾಸಿಟರ್ ಚುಚ್ಚಲೊಂದು ಜಾಗ ಸಿಕ್ಕಿತು ಎಂದುಕೊಳ್ಳಿ (ಅದೇಕೆಂದು ಕೊನೆಯಲ್ಲಿ ಹೇಳುತ್ತೇನೆ). ಐದು ಆರು ಚಾನೆಲ್ ಬೇಕಾಗುವುದು ಕಲ್ಲುಬಂಡೆ ಹತ್ತುವ ಕ್ರಾಲರ್‌ಗಳಿಗೆ: ಗೇರು, ಡಿಫರೆನ್ಷಿಯಲ್ ಲಾಕ್, ವಿಂಚ್, ದೀಪ. ಡಂಬೋಆರ್‌ಸಿ ಎಕ್ಸ್6ನಂಥ ರೇಡಿಯೊಗಳು ಅಗ್ಗವಾಗಿ ಆರು ಚಾನೆಲ್ ಕೊಡುವುದು ನಿಜ, ಕ್ರಾಲರ್‌ಗೆ ಲಾಯಕ್ಕೂ ಹೌದು. ಆದರೆ ಎಲ್ಲವನ್ನೂ ಗುಂಡಿ ತಿರುಗಿಸಿಯೇ ಹೊಂದಿಸುವ ರೇಡಿಯೊದಲ್ಲಿ ರೇಸ್ ನಡುವೆ ಹೆಬ್ಬೆರಳು ತಾಗಿ ಒಂದು ಗುಂಡಿ ಸರಿದರೂ ಹೊಂದಾಣಿಕೆ ಹೋಯಿತು, ಮೊದಲು ಎಷ್ಟಿತ್ತು ಎಂದು ನೋಡಲು ಅಂಕಿಯೂ ಇರುವುದಿಲ್ಲ.

ದೂರದ ವಿಷಯವೂ ಅಷ್ಟೇ. ಡಬ್ಬಿಯ ಮೇಲೆ 300 ಮೀಟರ್, 500 ಮೀಟರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. 1:10 ಕಾರಿನ ಟ್ರ್ಯಾಕಿನಲ್ಲಿ ನೀವು ನಿಂತ ಕಡೆಯಿಂದ ಅತಿ ದೂರದ ತಿರುವು ಸಾಮಾನ್ಯವಾಗಿ 50 ಮೀಟರ್ ಒಳಗೇ. ಅದರಾಚೆಗೆ ಕಾರಿನ ಮೂತಿ ಯಾವ ಕಡೆಗಿದೆ ಎಂದು ಕಣ್ಣಿಗೇ ಕಾಣುವುದಿಲ್ಲ.

ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಲೇಟೆನ್ಸಿಯ ಬಗ್ಗೆ, ಅಂದರೆ ಕೈ ತಿರುಗಿಸಿದ್ದಕ್ಕೂ ಸರ್ವೋಗೆ ಸುದ್ದಿ ಮುಟ್ಟುವುದಕ್ಕೂ ನಡುವಿನ ವಿಳಂಬ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 40 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಅಗ್ಗದ ರೇಡಿಯೊ 20 ಮಿಲಿಸೆಕೆಂಡ್ ತೆಗೆದುಕೊಂಡರೆ ಕಾರು 22 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ದುಬಾರಿಯದು 5 ಮಿಲಿಸೆಕೆಂಡ್ ತೆಗೆದುಕೊಂಡರೆ ಐದೂವರೆ ಸೆಂಟಿಮೀಟರ್. ವ್ಯತ್ಯಾಸ ಒಂದು ಗೇಣಿಗಿಂತ ಕಡಿಮೆ. ಈಗ ಸರ್ವೋ ನೋಡಿ. ಕಾರಿನೊಂದಿಗೆ ಬರುವ ಸರ್ವೋ 60 ಡಿಗ್ರಿ ತಿರುಗಲು 0.18 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. 30 ಡಿಗ್ರಿ ತಿರುಗುವಷ್ಟರಲ್ಲಿ 90 ಮಿಲಿಸೆಕೆಂಡ್, ಕಾರು ಒಂದು ಮೀಟರ್ ಮುಂದೆ. 0.09 ಸೆಕೆಂಡಿನ ಸರ್ವೋ ಹಾಕಿದರೆ ಅರ್ಧ ಮೀಟರ್ ಉಳಿಯಿತು. ದುಬಾರಿ ರೇಡಿಯೊ ಕೊಡುವುದರ ಮೂರು ಪಟ್ಟು ಲಾಭ ಸರ್ವೋ ಒಂದರಿಂದಲೇ ಬರುತ್ತದೆ. ಫುಟಾಬಾ 4ಪಿಎಂ, ಸಾನ್ವಾ ಎಂಟಿ-44ರಂಥ ಮೇಲಿನ ದರ್ಜೆಯ ರೇಡಿಯೊಗಳ ವೇಗ ಸುಳ್ಳಲ್ಲ. ಕೈ ಪಳಗಿದವರಿಗೆ ಅದು ಗೊತ್ತಾಗುತ್ತದೆ. ಮೊದಲ ವರ್ಷ ನಿಮ್ಮ ದುಡ್ಡು ಅಲ್ಲಿ ಹೋಗಬೇಕಾಗಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ಇಂಥ ವೇಗದ ರೇಡಿಯೊಗಳಲ್ಲಿ ಸರ್ವೋ ವಿಧ ಆರಿಸುವ ಪಟ್ಟಿ ಇರುತ್ತದೆ. ಸಾನ್ವಾದಲ್ಲಿ ಎನ್‌ಒಆರ್, ಎಸ್‌ಎಚ್‌ಆರ್, ಎಸ್‌ಎಸ್‌ಆರ್ ಎಂದು, ಫುಟಾಬಾದಲ್ಲಿ ಎಸ್‌ಆರ್ ಮೋಡ್ ಎಂದು. ಸಾಧಾರಣ ಅನಲಾಗ್ ಸರ್ವೋ ನಿರೀಕ್ಷಿಸುವುದು ಸೆಕೆಂಡಿಗೆ ಸುಮಾರು 50 ಸಂಕೇತ. ಅದಕ್ಕೆ ಅತಿವೇಗದ ಮೋಡ್ ಹಚ್ಚಿದರೆ ನಡುಗುತ್ತದೆ, ಬಿಸಿಯಾಗುತ್ತದೆ, ಸುಟ್ಟೂ ಹೋಗುತ್ತದೆ. ಹಳೆಯ ರೇಡಿಯೊ ಕೊಂಡವರು ಮೊದಲ ಮಾಲೀಕ ಬಿಟ್ಟುಹೋದ ಮೋಡಿನಲ್ಲೇ ಸ್ವಿಚ್ ಹಾಕಿ ಸರ್ವೋ ಕಳೆದುಕೊಳ್ಳುವುದು ಹೀಗೆಯೇ.

ನಿಜವಾದ ಖರ್ಚು ಅಡಗಿರುವುದು ರಿಸೀವರಿನಲ್ಲಿ. ಟ್ರಾನ್ಸ್‌ಮಿಟರ್ ಒಂದೇ, ರಿಸೀವರ್ ಕಾರಿಗೊಂದು. ಬೆಲೆ ಹೋಲಿಸುವಾಗ ಒಂದು ಟ್ರಾನ್ಸ್‌ಮಿಟರ್ ಜೊತೆ ಎರಡು ರಿಸೀವರ್ ಸೇರಿಸಿಯೇ ಕೂಡಿ. ಎರಡನೇ ಕಾರು ಬರುವುದಿದೆಯೆಂದು ನೀವೇ ಹೇಳಿದ್ದೀರಿ. ದೊಡ್ಡ ಕಂಪನಿಗಳ ಒಂದು ಅಸಲಿ ರಿಸೀವರಿನ ದುಡ್ಡಿಗೆ ಫ್ಲೈಸ್ಕೈಯಲ್ಲಿ ಎರಡೋ ಮೂರೋ ಬರುವುದುಂಟು.

ಇನ್ನು ಪ್ರೊಟೊಕಾಲ್, ಅಂದರೆ ಟ್ರಾನ್ಸ್‌ಮಿಟರೂ ರಿಸೀವರೂ ಮಾತಾಡುವ ಭಾಷೆ. ಒಂದು ಕಂಪನಿಯ ರೇಡಿಯೊ ಇನ್ನೊಂದರ ರಿಸೀವರ್ ಜೊತೆ ಮಾತಾಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದೇ ಕಂಪನಿಯೊಳಗೂ ಮಾತಾಡದಿರಬಹುದು ಎಂಬುದು ದುಡ್ಡು ಕೊಟ್ಟ ಮೇಲೆ ಗೊತ್ತಾಗುತ್ತದೆ. ಫ್ಲೈಸ್ಕೈಯನ್ನೇ ತೆಗೆದುಕೊಳ್ಳಿ: ಹಳೆಯ ಜಿಟಿ3ಬಿಯದು ಎಎಫ್‌ಎಚ್‌ಡಿಎಸ್, ಜಿಟಿ5ರದು ಎಎಫ್‌ಎಚ್‌ಡಿಎಸ್ 2ಎ, ನೋಬಲ್ ಎನ್‌ಬಿ4ರದು ಎಎಫ್‌ಎಚ್‌ಡಿಎಸ್ 3, ಜಿ7ಪಿಯದು ಎಎನ್‌ಟಿ. ಜಿಟಿ5ರ ಬಿಎಸ್6 ರಿಸೀವರ್ ಜಿ7ಪಿಗೆ ಬಾರದು, ಜಿ7ಪಿಯ ಆರ್7ಪಿ ನೋಬಲ್‌ಗೆ ಬಾರದು. ಅಂಗಡಿಯವರು ಫ್ಲೈಸ್ಕೈ ರಿಸೀವರ್ ಇದೆ ಎಂದರೆ ಸಾಲದು, ರಿಸೀವರಿನ ಮಾಡೆಲ್ ಹೆಸರು ಕೇಳಿ. ಫುಟಾಬಾ 3ಪಿವಿ ಟಿ-ಎಫ್‌ಎಚ್‌ಎಸ್‌ಎಸ್, ಎಸ್-ಎಫ್‌ಎಚ್‌ಎಸ್‌ಎಸ್ ಎರಡರಲ್ಲೂ ನಡೆಯುತ್ತದೆ, ಮುಂದೆ 4ಪಿಎಂಗೆ ಹೋದರೂ ಕೈಯಲ್ಲಿರುವ ಟಿ-ಎಫ್‌ಎಚ್‌ಎಸ್‌ಎಸ್ ರಿಸೀವರ್‌ಗಳು ವ್ಯರ್ಥವಾಗುವುದಿಲ್ಲ. ಹಳೆಯ 3ಪಿವಿಯನ್ನು ಮೊದಲು ನೋಡಿ ಎಂದದ್ದು ಇದಕ್ಕೇ.

ಜೈರೊ ಬೇಡ. ಅದು ಕಾರಿನ ಬಾಲ ಜಾರುವುದನ್ನು ಗ್ರಹಿಸಿ ತಾನೇ ಎದುರು ಸ್ಟೀರಿಂಗ್ ಕೊಡುತ್ತದೆ. ಹಿಂಚಕ್ರ ಚಾಲನೆಯ ಡ್ರಿಫ್ಟ್ ಕಾರಿಗೆ ಅದಿಲ್ಲದೆ ನಡೆಯದು. ರೇಸ್‌ನಲ್ಲಿ ನಿಷಿದ್ಧ: ಅಮೆರಿಕದಲ್ಲಿ ಇಂಥ ಕಾರುಗಳ ರೇಸ್ ನಡೆಸುವ ಸಂಸ್ಥೆ ರೋರ್‌ನ ನಿಯಮಾವಳಿ ಜೈರೊ ಮತ್ತು ಟ್ರ್ಯಾಕ್ಷನ್ ಕಂಟ್ರೋಲನ್ನು ನೇರವಾಗಿಯೇ ಹೊರಗಿಟ್ಟಿದೆ, ಬೇರೆಡೆಯ ಓಟಗಳೂ ಸಾಮಾನ್ಯವಾಗಿ ಅದೇ ದಾರಿ ಹಿಡಿಯುತ್ತವೆ. ಜಿಟಿ5ರ ಜೊತೆ ಬರುವ ಬಿಎಸ್6ರೊಳಗೆ ಜೈರೊ ಇದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಬಹುದು, ಆದರೆ ನೀವು ಸೇರುವ ರೇಸಿನ ಆಯೋಜಕರು ಆಫ್ ಆಗಿದ್ದರೆ ಒಪ್ಪುತ್ತಾರೋ, ಒಳಗೆ ಇರಲೇಬಾರದು ಎನ್ನುತ್ತಾರೋ ಮೊದಲೇ ಕೇಳಿ. ಇರಲೇಬಾರದು ಎಂದರೆ ಜಿ7ಪಿಯನ್ನು ಆರ್7ಪಿ ಜೊತೆ ಕೊಳ್ಳಿ. ಅದೇ ಸಾಲಿನ ಆರ್7ವಿಯಲ್ಲಿ ಜೈರೊ ಇದೆ, ಅಕ್ಷರ ನೋಡಿ ತೆಗೆದುಕೊಳ್ಳಿ.

ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ ಎಂದು ಹೇಳುವುದು ಸುಲಭ, ಸಿಗುವುದು ಕಷ್ಟ. ಆದರೂ ರೇಸಿನ ದಿನ ಬೇರೆಯವರದನ್ನು ಎರಡು ನಿಮಿಷ ಕೇಳಿ ಪಡೆಯಿರಿ, ಯಾರೂ ಇಲ್ಲ ಎನ್ನುವುದಿಲ್ಲ. ಟ್ರಿಗರ್ ಬಿಟ್ಟಾಗ ಟಕ್ಕನೆ ನಡುವಿಗೆ ಬರಬೇಕು, ನಡುವಿನಲ್ಲಿ ಸಡಿಲ ಆಟ ಇರಬಾರದು. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ತುಂಬಬೇಕು. ಬೆರಳು ಪೂರ್ತಿ ಒಳಹೋದರೆ ಸಣ್ಣ ಥ್ರಾಟಲ್ ಕೊಡಲಾಗದು. ರೇಡಿಯೊದ ಸ್ಟೀರಿಂಗ್ ಚಕ್ರದ ಸ್ಪ್ರಿಂಗ್ ಬಿಗಿಯಾಗಿದ್ದರೆ ಐದು ನಿಮಿಷದ ಓಟದ ಕೊನೆಯಲ್ಲಿ ಮಣಿಕಟ್ಟು ಹೇಳುತ್ತದೆ.

ಹಳೆಯದು ಕೊಳ್ಳುವುದಾದರೆ ಬ್ಯಾಟರಿ ಮುಚ್ಚಳ ತೆಗೆದು ಹಸಿರು ಕಿಲುಬು ಇದೆಯೇ ನೋಡಿ. ಸರ್ವೋ ಮಾನಿಟರ್ ಪರದೆ ಇರುವ ರೇಡಿಯೊ ಆದರೆ ಅದನ್ನು ತೆರೆದು ಸ್ಟೀರಿಂಗನ್ನು ನಿಧಾನಕ್ಕೆ ತುದಿಯಿಂದ ತುದಿಗೆ ತಿರುಗಿಸಿ. ಗೆರೆ ನಡುವೆ ಜಿಗಿದರೆ ಒಳಗಿನ ಪೊಟೆನ್ಷಿಯೊಮೀಟರ್ ಸವೆದಿದೆ. ಹತ್ತು ಸಲ ತಿರುಗಿಸಿ ಬಿಡಿ, ಪ್ರತಿ ಸಲವೂ ಸೊನ್ನೆಗೆ ಬರಬೇಕು. ಮತ್ತೆ, ಕ್ರಿಸ್ಟಲ್ ಚುಚ್ಚುವ 27 ಮೆಗಾಹರ್ಟ್ಸ್ ಕಾಲದ ರೇಡಿಯೊ ಎಷ್ಟು ದೊಡ್ಡ ಹೆಸರಿನದಾದರೂ ಬೇಡ. ಒಂದೇ ಕ್ರಿಸ್ಟಲ್ ಇಬ್ಬರ ಬಳಿ ಇದ್ದರೆ ಒಬ್ಬರ ಕಾರು ಇನ್ನೊಬ್ಬರ ಮಾತು ಕೇಳುತ್ತದೆ.

2.4 ಗಿಗಾಹರ್ಟ್ಸ್ ಪಟ್ಟಿ ಭಾರತದಲ್ಲಿ 2005ರಿಂದ ಲೈಸೆನ್ಸ್ ಮುಕ್ತ, ಓಡಿಸಲು ಯಾರ ಅನುಮತಿಯೂ ಬೇಡ. ತರಿಸುವುದು ಮಾತ್ರ ಬೇರೆ ಮಾತು. ನಿಸ್ತಂತು ಉಪಕರಣವಾದ್ದರಿಂದ ವಿದೇಶದಿಂದ ನೇರವಾಗಿ ಬಂದ ಪಾರ್ಸೆಲ್ಲಿಗೆ ಕಸ್ಟಮ್ಸ್‌ನವರು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ (ಉಪಕರಣದ ಬಗೆಗೆ ಕೊಡುವ) ಅನುಮೋದನೆ ಕೇಳಿ ತಡೆಹಿಡಿಯುವುದುಂಟು. ಸುಂಕದ ಮೇಲೆ ಈ ಓಡಾಟ ಸೇರಿದರೆ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ಸ್ವಲ್ಪ ಹೆಚ್ಚಾದರೂ ಇಲ್ಲಿನ ಅಂಗಡಿಯಲ್ಲಿ ಕೊಳ್ಳಿ, ಬಿಲ್ ಪಡೆಯಿರಿ.

ಕೊಂಡ ಮೇಲೆ ಮೊದಲ ಸಂಜೆ ಮಾಡಬೇಕಾದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ.

ಕಾರನ್ನು ಸ್ಟ್ಯಾಂಡ್ ಮೇಲಿಡಿ, ನಾಲ್ಕೂ ಚಕ್ರ ಗಾಳಿಯಲ್ಲಿರಲಿ. ಹೊಸ ಮಾಡೆಲ್ ತೆರೆದು ಕಾರಿನ ಹೆಸರು ಕೊಡಿ. ರಿಸೀವರ್ ಬೈಂಡ್ ಮಾಡಿ, ಅಂದರೆ ಟ್ರಾನ್ಸ್‌ಮಿಟರಿಗೆ ಜೋಡಿ ಮಾಡಿ. ಟ್ರಿಮ್‌ಗಳೆಲ್ಲ ಸೊನ್ನೆ, ಎಂಡ್ ಪಾಯಿಂಟ್‌ಗಳೆಲ್ಲ 100 ಇರಲಿ. ಸರ್ವೋ ಹಾರ್ನ್ ಬಿಚ್ಚಿ, ಸ್ವಿಚ್ ಹಾಕಿ, ಸರ್ವೋ ತಾನೇ ನಡುವಿಗೆ ಬಂದ ಮೇಲೆ ಲಿಂಕಿಗೆ (ಹಾರ್ನಿನಿಂದ ಚಕ್ರದ ಕಡೆ ಹೋಗುವ ಸರಳು) ಲಂಬಕೋನಕ್ಕೆ ಅತಿ ಹತ್ತಿರದ ಹಲ್ಲಿನಲ್ಲಿ ಹಾರ್ನ್ ಕೂರಿಸಿ. ಉಳಿದ ಸೊಟ್ಟವನ್ನು ಸಬ್‌ಟ್ರಿಮ್‌ನಿಂದ ತೆಗೆಯಿರಿ. ಈಗ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಹಿಡಿದು ಕಿವಿಗೊಡಿ. ಸರ್ವೋ ಗುಂಯ್ ಎನ್ನುತ್ತಿದ್ದರೆ ಚಕ್ರದ ಗೆಣ್ಣು ಆಗಲೇ ತಡೆಗೆ ತಾಗಿದೆ, ಸರ್ವೋ ಗೋಡೆ ತಳ್ಳುತ್ತಿದೆ. ಎಡ ಎಂಡ್ ಪಾಯಿಂಟನ್ನು ಒಂದೊಂದೇ ಇಳಿಸುತ್ತ ಸದ್ದು ನಿಂತ ಕಡೆ ನಿಲ್ಲಿಸಿ, ಇನ್ನೊಂದು ಅಂಕಿ ಇಳಿಸಿ. ಬಲಕ್ಕೂ ಹಾಗೆಯೇ. ಈ ಕೆಲಸವನ್ನು ಡ್ಯುಯಲ್ ರೇಟ್‌ನಿಂದ ಮಾಡುವವರಿದ್ದಾರೆ. ಡ್ಯುಯಲ್ ರೇಟ್ ಇಳಿಸಿದರೆ ಎರಡೂ ಬದಿ ಒಟ್ಟಿಗೆ ಇಳಿಯುತ್ತದೆ, ರೇಸ್ ನಡುವೆ ಅದನ್ನು ಏರಿಸಿದ ಕ್ಷಣ ಸರ್ವೋ ಮತ್ತೆ ಗೋಡೆ ತಳ್ಳುತ್ತದೆ. ಎಂಡ್ ಪಾಯಿಂಟ್ ಕಾರಿನ ಮಿತಿ, ಡ್ಯುಯಲ್ ರೇಟ್ ಆ ದಿನದ ನೆಲಕ್ಕೆ.

ಥ್ರಾಟಲ್ ಕಡೆ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಥ್ರಾಟಲ್, ಬ್ರೇಕ್ ಎರಡೂ 100ರಲ್ಲಿರುವಾಗಲೇ ಇಎಸ್‌ಸಿ ಕ್ಯಾಲಿಬ್ರೇಟ್ ಮಾಡಿ (ಟ್ರಿಗರಿನ ನಡು, ತುದಿಗಳನ್ನು ಅದಕ್ಕೆ ಕಲಿಸಿ), ಆಮೇಲಷ್ಟೇ ಬ್ರೇಕನ್ನು 65ಕ್ಕೆ ಇಳಿಸಿ. ಮೊದಲೇ 65ಕ್ಕೆ ಇಳಿಸಿ ಕ್ಯಾಲಿಬ್ರೇಟ್ ಮಾಡಿದರೆ ಇಎಸ್‌ಸಿ ಆ 65ನ್ನೇ ಪೂರ್ತಿ ಬ್ರೇಕ್ ಎಂದು ಕಲಿಯುತ್ತದೆ, ಕಾರು ಮೊದಲಿನಂತೆಯೇ ಗಿರ್ರನೆ ತಿರುಗುತ್ತದೆ, ನೀವು ರೇಡಿಯೊ ಸರಿಯಿಲ್ಲ ಎನ್ನುತ್ತೀರಿ. ಫುಟಾಬಾ ಕೊಂಡರೆ ಹಾಬಿವಿಂಗ್ ಕಂಪನಿಯ ಇಎಸ್‌ಸಿಗೆ ಥ್ರಾಟಲ್ ಚಾನೆಲನ್ನು ರಿವರ್ಸ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಕಾರು ಮುಂದೆ ಹಾರುತ್ತದೆ. ಇಎಸ್‌ಸಿಯನ್ನು ಮುಂದೆ ಮತ್ತು ಬ್ರೇಕ್ ಮಾತ್ರದ ಮೋಡಿಗೆ ಹಾಕಿ, ರೇಸಿನಲ್ಲಿ ಕಾರನ್ನು ಹಿಂದಕ್ಕೆ ಓಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಸ್ಟೀರಿಂಗ್ ಎಕ್ಸ್‌ಪೊ 15ರಿಂದ 20ರಷ್ಟು ಮೆತ್ತಗಿನ ಕಡೆಗೆ ಕೊಟ್ಟು ಶುರು ಮಾಡಿ. ಮೆತ್ತಗೆ ಎಂಬುದು ಕೆಲವು ರೇಡಿಯೊದಲ್ಲಿ ಮೈನಸ್, ಕೆಲವದರಲ್ಲಿ ಪ್ಲಸ್. ಒಮ್ಮೆ 80 ಕೊಟ್ಟು ಸ್ಟೀರಿಂಗ್ ಚಕ್ರ ಸ್ವಲ್ಪ ತಿರುಗಿಸಿ ನೋಡಿದರೆ ಯಾವುದು ಯಾವುದೆಂದು ಕಾಣುತ್ತದೆ.

ಫೇಲ್‌ಸೇಫ್ ಹೊಂದಿಸಿ, ಪರೀಕ್ಷಿಸಿ. ಚಕ್ರ ಗಾಳಿಯಲ್ಲಿರುವಾಗಲೇ ಅರ್ಧ ಥ್ರಾಟಲ್ ಒತ್ತಿ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಅದು ಟ್ರ್ಯಾಕಿಗೆ ಇಳಿಯಬಾರದು, ಕಾರು ಎತ್ತಲು ನಿಂತವರ ಕಾಲಿಗೆ ಬಡಿಯುವ ವಸ್ತು ಅದು. ದಿನನಿತ್ಯ ಟ್ರಾನ್ಸ್‌ಮಿಟರ್ ಮೊದಲು ಆನ್, ಕೊನೆಗೆ ಆಫ್.

ರಿಸೀವರಿನ ಆಂಟೆನಾ ತಂತಿಯನ್ನು ಕತ್ತರಿಸಬೇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಭಾಗ ಕಾಲು ತರಂಗ, ಸುಮಾರು 31 ಮಿ.ಮೀ. ಕೋಆಕ್ಸ್ ತಂತಿಯಾದರೆ ತುದಿಯಲ್ಲಿ ಹೊದಿಕೆ ಕಳೆದ ಆ ಭಾಗವೇ ಕೊಳವೆಯೊಳಗೆ ನೆಟ್ಟಗೆ ನಿಲ್ಲಬೇಕು. ಕಾರ್ಬನ್ ಷಾಸಿಗೆ ಅಂಟಿಸಿದರೆ, ಮೋಟಾರ್ ತಂತಿಯ ಜೊತೆ ಸುತ್ತಿದರೆ ದೂರದ ತಿರುವಿನಲ್ಲಿ ಕಾರು ಕಿವುಡಾಗುತ್ತದೆ.

ಹಾಗೆಂದು ಪ್ರತಿ ಕಿವುಡಿಗೂ ರೇಡಿಯೊವನ್ನು ಬಯ್ಯಬೇಡಿ. ಕಾರು ದೂರ ಹೋದಾಗ ಮಾತ್ರ ತಪ್ಪಿದರೆ ಆಂಟೆನಾ. ಹತ್ತಿರದಲ್ಲೇ, ಪೂರ್ತಿ ಸ್ಟೀರಿಂಗ್ ಜೊತೆ ಥ್ರಾಟಲ್ ಒತ್ತಿದ ಕ್ಷಣಕ್ಕೆ ತಪ್ಪಿದರೆ ಅದು ವೋಲ್ಟೇಜ್ ಕುಸಿತ. ಬಲಿಷ್ಠ ಸರ್ವೋ ಎಳೆಯುವ ಕರೆಂಟನ್ನು ಇಎಸ್‌ಸಿಯ ಬಿಇಸಿ (ರಿಸೀವರ್, ಸರ್ವೋಗೆ ವಿದ್ಯುತ್ ಕೊಡುವ ಭಾಗ) ತಡೆಯಲಾರದೆ ರಿಸೀವರ್ ಒಂದು ಕ್ಷಣ ಸತ್ತು ಹುಟ್ಟುತ್ತದೆ. 4700 ಮೈಕ್ರೊಫ್ಯಾರಡ್ ಕೆಪ್ಯಾಸಿಟರನ್ನು ಖಾಲಿ ಚಾನೆಲಿಗೆ ಚುಚ್ಚಿದರೆ ಬಹುಪಾಲು ನಿಲ್ಲುತ್ತದೆ. ಬಿಇಸಿ 6 ವೋಲ್ಟ್ ಆದರೆ 10 ವೋಲ್ಟಿನದು, 7.4 ಆದರೆ 16 ವೋಲ್ಟಿನದು ತನ್ನಿ. ಧ್ರುವ ತಿರುವುಮುರುವಾದರೆ ಸಿಡಿಯುತ್ತದೆ.

ಟ್ರಾನ್ಸ್‌ಮಿಟರಿಗೆ ನಾಲ್ಕು ಎಎ ಬೇಕಾದರೆ ಒಂದೇ ಕಂಪನಿಯ, ಒಂದೇ ದಿನ ಕೊಂಡ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಹಾಕಿ, ಅಲಾರ್ಮ್ 4.4 ವೋಲ್ಟಿಗೆ ಇಡಿ. ಎರಡು ಸೆಲ್‌ನ ಲಿಪೊ ಹಾಕುವುದಾದರೆ ರೇಡಿಯೊ ಅಷ್ಟು ವೋಲ್ಟ್ ತಡೆಯುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿ, ತಡೆಯುವುದಾದರೆ ಅಲಾರ್ಮನ್ನು 7.2ಕ್ಕೆ ಏರಿಸಿ. ಎಎ ಸೆಲ್‌ನ ಅಲಾರ್ಮ್ ಹಾಗೆಯೇ ಬಿಟ್ಟರೆ ಅದು ಕೂಗುವಷ್ಟರಲ್ಲಿ ಲಿಪೊ ಉಬ್ಬಿರುತ್ತದೆ.